ವೋಲೆನ್ ಹಿನ್ನೀರಿನ ಗುಳ್ಳೆಗಳು: ಹೂಳು, ಮೀಥೇನ್ ಮತ್ತು ಒಂದು ಹಳೆಯ ಅಣೆಕಟ್ಟು

ಸ್ವಿಟ್ಜರ್ಲೆಂಡಿನ ಆರೆ ನದಿ ರಾಜಧಾನಿ ಬರ್ನ್ ಊರನ್ನು ಒಂದು ಸುತ್ತು ಬಳಸಿ ಮುಂದೆ ಹೋಗುತ್ತದೆ. ಊರು ದಾಟಿ ಸ್ವಲ್ಪ ದೂರ ಹೋದರೆ ನೀರಿನ ಓಟ ತಗ್ಗುತ್ತದೆ. ಕೆಳಗೆ ಮ್ಯೂಲೆಬರ್ಗ್ ಎಂಬಲ್ಲಿ ಜಲವಿದ್ಯುತ್ತಿನ ಅಣೆಕಟ್ಟು ಇದೆ, ಅದಕ್ಕೆ. 1920ರಲ್ಲಿ ಕಟ್ಟಿ ಮುಗಿಸಿದ ಈ ಕಟ್ಟೆಯ ಹಿನ್ನೀರಿಗೆ ವೋಲೆನ್ ಸರೋವರ ಎಂದು ಹೆಸರು. ಹೆಸರಿಗೆ ಸರೋವರ, ನಿಜಕ್ಕೆ ನಿಧಾನವಾಗಿ ಹರಿಯುವ ಅಗಲವಾದ ನದಿ. ವಿಸ್ತಾರ ಸುಮಾರು 2.5 ಚದರ ಕಿಲೋಮೀಟರ್. ಅತಿ ಆಳ ಇರುವ ಕಡೆ 20 ಮೀಟರ್. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ಇದಕ್ಕಿಂತ ಹತ್ತು ಪಟ್ಟು ದೊಡ್ಡದು.

ಇಷ್ಟು ಚಿಕ್ಕ ನೀರಿನ ಬಗ್ಗೆ 2010ರಲ್ಲಿ ಒಂದು ಪ್ರಬಂಧ ಬಂತು. ಬರೆದವರು ಟೋನಿಯಾ ಡೆಲ್‌ಸೋಂಟ್ರೊ ಮತ್ತು ನಾಲ್ವರು ಜೊತೆಗಾರರು. ಸ್ವಿಸ್ ಜಲಸಂಶೋಧನಾ ಸಂಸ್ಥೆ ಎಯಾವಾಗ್ ಮತ್ತು ಜ್ಯೂರಿಚ್‌ನ ಇಟಿಎಚ್ ವಿಶ್ವವಿದ್ಯಾಲಯದ ಬರ್ನ್‌ಹಾರ್ಡ್ ವೇರ್ಲಿ ಅವರ ತಂಡದಲ್ಲಿ ಈ ಕೆಲಸ ನಡೆದಿತ್ತು. ಅವರು ಹೇಳಿದ್ದು ಇಷ್ಟು: ಈ ಹಿನ್ನೀರಿನ ಪ್ರತಿ ಚದರ ಮೀಟರಿನಿಂದ ದಿನಕ್ಕೆ ಸರಾಸರಿ 150 ಮಿಲಿಗ್ರಾಂಗಿಂತ ಜಾಸ್ತಿ ಮೀಥೇನ್ ಗಾಳಿಗೆ ಹೋಗುತ್ತಿದೆ. ಸಮಶೀತೋಷ್ಣ ವಲಯದ ಜಲಾಶಯವೊಂದರಲ್ಲಿ ಅಲ್ಲಿಯವರೆಗೆ ಯಾರೂ ಇಷ್ಟು ದಾಖಲಿಸಿರಲಿಲ್ಲ.

150 ಮಿಲಿಗ್ರಾಂ ಅಂದರೆ ಏನು ಮಹಾ ಅನ್ನಿಸಬಹುದು. ಗುಣಿಸಿ ನೋಡೋಣ. 2.5 ಚದರ ಕಿಲೋಮೀಟರ್ ಅಂದರೆ 25 ಲಕ್ಷ ಚದರ ಮೀಟರ್. ವರ್ಷಕ್ಕೆ 365 ದಿನ. ಒಟ್ಟು ಸುಮಾರು 137 ಟನ್. ಇದು ಕನಿಷ್ಠ ಲೆಕ್ಕ. ನೂರು ವರ್ಷದ ಅಳತೆಯಲ್ಲಿ ಒಂದು ಟನ್ ಮೀಥೇನ್ ಸುಮಾರು 28 ಟನ್ ಇಂಗಾಲದ ಡೈಆಕ್ಸೈಡಿನಷ್ಟು ಬಿಸಿ ಹಿಡಿಯುತ್ತದೆ. ಆ ಲೆಕ್ಕಕ್ಕೆ ವರ್ಷಕ್ಕೆ 3,800 ಟನ್ ಆಯಿತು. ಇಪ್ಪತ್ತು ವರ್ಷದ ಅಳತೆ ಹಿಡಿದರೆ ಮೀಥೇನಿನ ಕಾವು 80 ಪಟ್ಟಿಗಿಂತ ಹೆಚ್ಚು. ಆಗ 11,000 ಟನ್ನಿನ ಹತ್ತಿರ ಬರುತ್ತದೆ. ಸ್ವಚ್ಛ ಎಂದು ಹೆಸರಾದ ವಿದ್ಯುತ್ತಿನ ಬೆನ್ನಿಗೆ ಇದು ಅಂಟಿಕೊಂಡಿತ್ತು, ಯಾರ ಪುಸ್ತಕದಲ್ಲೂ ಬರೆದಿರಲಿಲ್ಲ.

ಯಾರಿಗೂ ಅನುಮಾನ ಬಾರದ ಜಾಗ

ಜಲಾಶಯಗಳಿಂದ ಮೀಥೇನ್ ಬರುತ್ತದೆ ಎಂಬುದು 2010ರ ಹೊತ್ತಿಗೆ ಹಳೆಯ ಸುದ್ದಿ. 1990ರ ದಶಕದಿಂದಲೇ ಅದರ ಅಳತೆ ನಡೆದಿತ್ತು. ಆದರೆ ಬೆರಳು ಯಾವಾಗಲೂ ಉಷ್ಣವಲಯದ ಕಡೆಗೇ ಇತ್ತು. ಫ್ರೆಂಚ್ ಗಯಾನಾದ ಪೆಟಿ ಸೋ, ಬ್ರೆಜಿಲಿನ ಬಾಲ್ಬಿನಾ ಇವು ಎಲ್ಲರೂ ಕೊಡುವ ಉದಾಹರಣೆ. ಮಳೆಕಾಡು ಮುಳುಗಿಸಿ ಕಟ್ಟಿದ ಜಲಾಶಯಗಳು. ಮರ, ಎಲೆ, ಕಾಡಿನ ಮಣ್ಣು ಎಲ್ಲ ಬೆಚ್ಚಗಿನ ನೀರಿನ ತಳದಲ್ಲಿ ಕೊಳೆಯುತ್ತವೆ. ತಳದ ನೀರಿನಲ್ಲಿ ಆಮ್ಲಜನಕ ಇರುವುದಿಲ್ಲ. ಮೀಥೇನ್ ಹುಟ್ಟುತ್ತದೆ. ಕಟ್ಟಿದ ಮೊದಲ ಹತ್ತು ಹದಿನೈದು ವರ್ಷ ಜೋರಾಗಿ ಬರುತ್ತದೆ, ಆಮೇಲೆ ಇಳಿಯುತ್ತದೆ. ಪಾಠ ಹೀಗೆ ಇತ್ತು.

ಅಂಕಿಗಳೂ ಅದನ್ನೇ ಹೇಳುತ್ತಿದ್ದವು. 2000ದಲ್ಲಿ ಕೆನಡಾದ ಸಂಶೋಧಕರು ಆವರೆಗಿನ ಅಳತೆಗಳನ್ನು ಒಟ್ಟು ಹಾಕಿದಾಗ ಉಷ್ಣವಲಯದ ಜಲಾಶಯಗಳ ಮೇಲ್ಮೈಯಿಂದ ದಿನಕ್ಕೆ ಚದರ ಮೀಟರಿಗೆ 300 ಮಿಲಿಗ್ರಾಂ ಮೀಥೇನ್ ಸಿಕ್ಕಿತ್ತು. ಸಮಶೀತೋಷ್ಣ ವಲಯದ್ದು ಬರೀ 20.

ಈ ಪಾಠ ಹಿಡಿದು ವೋಲೆನ್ ನೋಡಿದರೆ ಎಲ್ಲವೂ ಅದರ ಪರವಾಗಿಯೇ ಇದೆ. ತಂಪು ದೇಶ. ಕಟ್ಟೆಗೆ ಆಗಲೇ 90 ವರ್ಷ, ಮುಳುಗಿದ ಗಿಡ ಮರ ಎಂದೋ ಕೊಳೆತು ಹೋಗಿರಬೇಕು. ಅದಕ್ಕಿಂತ ದೊಡ್ಡ ಮಾತು, ಇಲ್ಲಿ ನೀರು ನಿಲ್ಲುವುದೇ ಇಲ್ಲ. ಬಂದ ನೀರು ಸುಮಾರು ಎರಡು ದಿನದಲ್ಲಿ ಟರ್ಬೈನ್ ದಾಟಿ ಹೋಗುತ್ತದೆ. ನದಿ ಸದಾ ಹೊಸ ನೀರು, ಹೊಸ ಆಮ್ಲಜನಕ ತರುತ್ತದೆ. ತಳದಲ್ಲಿ ಉಸಿರು ಕಟ್ಟಿದ ನೀರಿನ ಪದರ ಕಟ್ಟಿಕೊಳ್ಳಲು ಪುರಸೊತ್ತೇ ಇಲ್ಲ. ಅಳತೆ ಮಾಡದೆಯೇ "ಇಲ್ಲೇನೂ ಇಲ್ಲ" ಎಂದು ಬರೆದು ಮುಂದೆ ಹೋಗಬಹುದಾದ ಜಾಗ. ಬಹಳ ಕಡೆ ಹಾಗೇ ಆಗಿರುತ್ತದೆ ಎಂಬುದು ನನ್ನ ಅನುಮಾನ. ಅಳೆದಿಲ್ಲದ ಕಡೆ ಅಂಕಿ ಇಲ್ಲ, ಅಂಕಿ ಇಲ್ಲದ ಕಡೆ ಸಮಸ್ಯೆಯೂ ಇಲ್ಲ ಎಂದು ನಾವೇ ಅಂದುಕೊಳ್ಳುತ್ತೇವೆ.

ಆದರೆ ಬೇಸಿಗೆಯಲ್ಲಿ ಈ ನೀರಿನ ಮೇಲೆ ದೋಣಿ ಬಿಟ್ಟವರಿಗೆ ಗುಳ್ಳೆಗಳು ಕಾಣುತ್ತಿದ್ದವು. ತಳದಿಂದ ಎದ್ದು ಬಂದು ಒಡೆಯುವ ಗುಳ್ಳೆಗಳು.

ಗುಳ್ಳೆ ಯಾಕೆ ಬೇರೆ ಲೆಕ್ಕ

ಕೆರೆಯ ಕೆಸರಿಗೆ ಕೋಲು ಚುಚ್ಚಿದರೆ ಬುಳುಬುಳು ಅಂತ ಗಾಳಿ ಏಳುತ್ತದಲ್ಲ, ಅದರಲ್ಲಿ ಬಹುಪಾಲು ಮೀಥೇನ್. ಇಟಲಿಯ ಅಲೆಸ್ಸಾಂಡ್ರೊ ವೋಲ್ಟಾ 1776ರಲ್ಲಿ ಮಾಡಿದ್ದೂ ಇದನ್ನೇ. ಮಜೊರೆ ಸರೋವರದ ದಡದ ಜೌಗು ಕೆಸರನ್ನು ಕೋಲಿನಿಂದ ಕಲಕಿದ, ಎದ್ದ ಗಾಳಿಯನ್ನು ಶೀಸೆಯಲ್ಲಿ ಹಿಡಿದ, ಅದು ಉರಿಯುತ್ತದೆ ಎಂದು ತೋರಿಸಿದ. ಬ್ಯಾಟರಿಗೆ ಹೆಸರಾದವನೇ ಮೀಥೇನಿಗೂ ಮೊದಲಿಗ.

ಈ ಅನಿಲವನ್ನು ತಯಾರಿಸುವುದು ಸೂಕ್ಷ್ಮಜೀವಿಗಳು. ಆಮ್ಲಜನಕ ಇದ್ದಲ್ಲಿ ಅವು ಬದುಕುವುದಿಲ್ಲ. ನದಿಯ ತಳದ ಕೆಸರಿನಲ್ಲಿ ಆಮ್ಲಜನಕ ಇಳಿಯುವುದು ಕೆಲವೇ ಮಿಲಿಮೀಟರ್. ಮೇಲೆ ಎಷ್ಟೇ ತಾಜಾ ನೀರು ಹರಿಯಲಿ, ಬೆರಳು ತೂರಿಸುವಷ್ಟು ಕೆಳಗೆ ಹೋದರೆ ಉಸಿರಿಲ್ಲದ ಲೋಕ. ಅಲ್ಲಿ ಮೊದಲು ನೈಟ್ರೇಟ್, ಕಬ್ಬಿಣ, ಸಲ್ಫೇಟ್ ಬಳಸುವ ಜೀವಿಗಳು ಎಲೆ ಕಸವನ್ನು ತಿನ್ನುತ್ತವೆ. ಸಮುದ್ರದಲ್ಲಿ ಸಲ್ಫೇಟ್ ಹೇರಳ, ಹಾಗಾಗಿ ಮೀಥೇನ್ ಮಾಡುವವರಿಗೆ ಸರದಿ ಬರುವುದು ಬಹಳ ಕೆಳಗೆ. ಸಿಹಿನೀರಿನಲ್ಲಿ ಸಲ್ಫೇಟ್ ಬೇಗ ಮುಗಿಯುತ್ತದೆ. ಸರದಿ ಬೇಗ ಬರುತ್ತದೆ.

ಹುಟ್ಟಿದ ಮೀಥೇನ್ ಹೊರಗೆ ಹೋಗಲು ಎರಡು ದಾರಿ. ಒಂದು, ನೀರಿನಲ್ಲಿ ಕರಗಿ ನಿಧಾನಕ್ಕೆ ಮೇಲಕ್ಕೆ ತೆವಳುವುದು. ಈ ದಾರಿಯಲ್ಲಿ ಕಾವಲಿದೆ. ಕೆಸರಿನ ಮೇಲ್ಪದರದಲ್ಲಿ, ಆಮ್ಲಜನಕ ಸಿಗುವ ಕಡೆ, ಮೀಥೇನನ್ನೇ ತಿಂದು ಬದುಕುವ ಬೇರೆ ಜಾತಿಯ ಬ್ಯಾಕ್ಟೀರಿಯಾಗಳು ಕೂತಿರುತ್ತವೆ. ಹಾದುಹೋಗುವ ಮೀಥೇನಿನ ದೊಡ್ಡ ಪಾಲನ್ನು ಅವು ಇಂಗಾಲದ ಡೈಆಕ್ಸೈಡ್ ಮಾಡಿಬಿಡುತ್ತವೆ. ಎರಡನೆಯ ದಾರಿ ಗುಳ್ಳೆ. ಮೀಥೇನ್ ನೀರಿನಲ್ಲಿ ಅಷ್ಟಾಗಿ ಕರಗುವುದಿಲ್ಲ. ಕೆಸರಿನೊಳಗೆ ಅನಿಲ ತುಂಬುತ್ತಾ ಹೋಗಿ, ಅದರ ಒತ್ತಡ ಮೇಲಿನ ನೀರು ಮತ್ತು ಗಾಳಿಯ ಒಟ್ಟು ಒತ್ತಡವನ್ನು ಮೀರಿದಾಗ ಗುಳ್ಳೆ ಹುಟ್ಟುತ್ತದೆ. ಒಂದು ದಿನ ಕೆಸರನ್ನು ಸೀಳಿಕೊಂಡು ಎದ್ದುಬಿಡುತ್ತದೆ. ಸೆಕೆಂಡಿಗೆ ಇಪ್ಪತ್ತು ಮೂವತ್ತು ಸೆಂಟಿಮೀಟರ್ ವೇಗ. ಹತ್ತು ಮೀಟರ್ ನೀರು ದಾಟಲು ಒಂದು ನಿಮಿಷವೂ ಬೇಡ. ಬ್ಯಾಕ್ಟೀರಿಯಾಗಳಿಗೆ ಬಾಯಿ ಹಾಕಲು ಸಮಯವೇ ಸಿಗುವುದಿಲ್ಲ.

ಇಲ್ಲಿ ಆಳದ ಮಾತು ಬಹಳ ಮುಖ್ಯ. ಹತ್ತು ಮೀಟರ್ ಆಳದಲ್ಲಿ ಗುಳ್ಳೆ ಹುಟ್ಟಲು ಎರಡು ವಾತಾವರಣದಷ್ಟು ಒತ್ತಡ ಬೇಕು. ಎರಡು ಮೀಟರಿನಲ್ಲಿ 1.2 ಸಾಕು. ಆಳದಿಂದ ಏಳುವ ಗುಳ್ಳೆ ಏರುತ್ತಾ ಏರುತ್ತಾ ತನ್ನ ಮೀಥೇನನ್ನು ಸುತ್ತಲಿನ ನೀರಿಗೆ ಬಿಟ್ಟುಕೊಡುತ್ತದೆ. ನೂರು ಮೀಟರ್ ಕೆಳಗಿನಿಂದ ಹೊರಟರೆ ಮೇಲೆ ಮುಟ್ಟುವ ಹೊತ್ತಿಗೆ ಒಳಗೆ ಮೀಥೇನ್ ಉಳಿಯುವುದೇ ಕಷ್ಟ. ತೆಳು ನೀರಿನಲ್ಲಿ ಹಾಗಲ್ಲ. ಹೊರಟದ್ದರಲ್ಲಿ ಬಹುಪಾಲು ನೇರ ಗಾಳಿಗೆ. ವೋಲೆನ್ ತೆಳು ನೀರು.

ಹಿಡಿಯಲಾಗದ್ದನ್ನು ಅಳೆದ ಬಗೆ

ಈ ಪ್ರಕರಣದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದೇ. ಗುಳ್ಳೆಯನ್ನು ಅಳೆಯುವುದು ಮೇಲ್ನೋಟಕ್ಕೆ ಸುಲಭ. ದೊಡ್ಡ ಆಲಿಕೆಯನ್ನು ಬೋರಲು ಹಾಕಿ ನೀರಿನೊಳಗೆ ತೂಗುಬಿಡುತ್ತಾರೆ. ತುದಿಗೆ ಒಂದು ಬಾಟಲಿ. ಕೆಳಗಿನಿಂದ ಬಂದ ಗುಳ್ಳೆಗಳು ಆಲಿಕೆಗೆ ಸಿಕ್ಕಿ ಬಾಟಲಿಯಲ್ಲಿ ಸೇರುತ್ತವೆ. ಎಷ್ಟು ಅನಿಲ ಸೇರಿತು, ಅದರಲ್ಲಿ ಮೀಥೇನ್ ಎಷ್ಟು ಎಂದು ಪ್ರಯೋಗಾಲಯದಲ್ಲಿ ನೋಡಿದರೆ ಆಯಿತು. ವೋಲ್ಟಾನ ಶೀಸೆಗೂ ಇದಕ್ಕೂ ಬಹಳ ವ್ಯತ್ಯಾಸ ಇಲ್ಲ.

ತೊಡಕು ಇರುವುದು ಗುಳ್ಳೆಯ ಸ್ವಭಾವದಲ್ಲಿ. ಅದಕ್ಕೆ ಹೊತ್ತು ಗೊತ್ತು ಇಲ್ಲ. ಇಲ್ಲಿ ಇಂದು ಭರಭರನೆ ಎದ್ದರೆ ನಾಳೆ ಒಂದೂ ಇಲ್ಲ. ಐದು ಮೀಟರ್ ಆಚೆ ವಾರಗಟ್ಟಲೆ ಏನೂ ಇಲ್ಲದಿರಬಹುದು. ಆಲಿಕೆಯ ಬಾಯಿ ಒಂದು ಚದರ ಮೀಟರಿನ ಆಸುಪಾಸು, ಹಿನ್ನೀರು 25 ಲಕ್ಷ ಚದರ ಮೀಟರ್. ಆಲಿಕೆ ಗುಳ್ಳೆ ಏಳುವ ಜಾಗದ ಮೇಲೆಯೇ ಕೂತರೆ ಲೆಕ್ಕ ಆಕಾಶಕ್ಕೆ ಏರುತ್ತದೆ, ತಪ್ಪಿದರೆ ಸೊನ್ನೆಗೆ ಇಳಿಯುತ್ತದೆ. ವೋಲೆನ್‌ನಲ್ಲಿ ಆಲಿಕೆಗಳಿಗೆ ತುಂಬಾ ಅನಿಲ ಸಿಕ್ಕಿತು. ಆದರೆ ಅದನ್ನು ಸುಮ್ನೆ ಇಡೀ ಹಿನ್ನೀರಿಗೆ ಗುಣಿಸಿದ್ದರೆ ಯಾರೂ ನಂಬುತ್ತಿರಲಿಲ್ಲ, ನಂಬಲೂ ಬಾರದು.

ಡೆಲ್‌ಸೋಂಟ್ರೊ ತಂಡ ಬೇರೆ ಕಡೆಯಿಂದ ಬಂತು. ಗುಳ್ಳೆಯನ್ನು ಬಿಟ್ಟು ನೀರನ್ನು ಕೇಳಿತು.

ಲೆಕ್ಕ ಹೀಗೆ. ಬರ್ನ್ ಕಡೆಯಿಂದ ಹಿನ್ನೀರಿಗೆ ಬರುವ ನೀರಿನಲ್ಲಿ ಕರಗಿದ ಮೀಥೇನ್ ಎಷ್ಟು ಎಂದು ಅಳೆಯುವುದು. ಅಣೆಕಟ್ಟಿನಿಂದ ಹೊರಹೋಗುವ ನೀರಿನಲ್ಲಿ ಎಷ್ಟು ಎಂದೂ ಅಳೆಯುವುದು. ನದಿಯ ಹರಿವು ಗೊತ್ತು. ಹಾಗಾದರೆ ಆ ಎರಡು ದಿನದ ಪಯಣದಲ್ಲಿ ನೀರಿಗೆ ಎಷ್ಟು ಮೀಥೇನ್ ಹೊಸದಾಗಿ ಸೇರಿತು ಎಂಬುದು ಗೊತ್ತಾಗುತ್ತದೆ. ಹರಿವು ಚುರುಕಾಗಿದ್ದರಿಂದ ವೋಲೆನ್‌ನಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. "ಇಲ್ಲೇನೂ ಇರಲಾರದು" ಎನ್ನಲು ಕಾರಣವಾಗಿದ್ದ ಆ ಓಟವೇ ಅಳತೆಗೆ ಅನುಕೂಲವಾಯಿತು.

ಮುಂದಿನ ಪ್ರಶ್ನೆ, ಈ ಹೊಸ ಮೀಥೇನ್ ಎಲ್ಲಿಂದ ಬಂತು? ಕೆಸರಿನಿಂದ ತೆವಳಿ ಬಂದಿರಬಹುದೇ? ಅದನ್ನೂ ಅಳೆದರು. ಅದು ಕಡಿಮೆ, ವರ್ಷವಿಡೀ ಹೆಚ್ಚು ಕಡಿಮೆ ಒಂದೇ ಸಮ. ಹೊರಹೋಗುವ ನೀರಿನಲ್ಲಿದ್ದ ಮೀಥೇನಿಗೆ ಅದು ಏನೇನೂ ಸಾಲದು. ಉಳಿದದ್ದು ಒಂದೇ ದಾರಿ. ಮೇಲೇರುವ ಗುಳ್ಳೆಗಳು ದಾರಿಯಲ್ಲಿ ನೀರಿಗೆ ಬಿಟ್ಟುಹೋದದ್ದು. ನೀರು ಬೆಚ್ಚಗಾದ ಹಾಗೆಲ್ಲ ಕರಗಿದ ಮೀಥೇನ್ ಏರುತ್ತಿತ್ತು. ಈ ಸಂಬಂಧ ಎಷ್ಟು ಗಟ್ಟಿಯಾಗಿತ್ತು ಅಂದರೆ, ಉಷ್ಣತೆ ಹಿಡಿದೇ ವರ್ಷದ ಲೆಕ್ಕ ಕಟ್ಟಬಹುದಿತ್ತು.

ಕೊನೆಯ ಹೆಜ್ಜೆ. ಗುಳ್ಳೆಯೊಂದು ಇಂತಿಷ್ಟು ಆಳದಿಂದ, ಇಂತಿಷ್ಟು ಗಾತ್ರದಲ್ಲಿ ಹೊರಟರೆ ದಾರಿಯಲ್ಲಿ ಎಷ್ಟು ಪಾಲು ಕರಗುತ್ತದೆ, ಎಷ್ಟು ಪಾಲು ಗಾಳಿ ಮುಟ್ಟುತ್ತದೆ ಎಂಬುದಕ್ಕೆ ಒಂದು ಗಣಿತ ಮಾದರಿ ಇತ್ತು. ತಂಡದಲ್ಲಿದ್ದ ಡೇನಿಯಲ್ ಮ್ಯಾಕ್‌ಗಿನಿಸ್ ಮೊದಲೇ ರೂಪಿಸಿದ್ದದ್ದು. ಕರಗಿದ ಪಾಲು ಈಗ ಕೈಯಲ್ಲಿದೆ. ಮಾದರಿಯನ್ನು ಹಿಂದುಮುಂದಾಗಿ ಓಡಿಸಿದರೆ ಗಾಳಿಗೆ ಹೋದ ಪಾಲು ಸಿಗುತ್ತದೆ. ಸಂತೆಯಿಂದ ಮರಳುವ ದಾರಿಯಲ್ಲಿ ಮೂಟೆಯಿಂದ ಎಷ್ಟು ಅಕ್ಕಿ ಚೆಲ್ಲಿದೆ ಎಂದು ನೋಡಿ, ತೂತಿನ ಗಾತ್ರ ಗೊತ್ತಿದ್ದರೆ, ಎಷ್ಟು ಮೂಟೆ ಹೋದವು ಎಂದು ಹೇಳಿದ ಹಾಗೆ. ತೂತಿನ ಗಾತ್ರದ ಬಗ್ಗೆ ತಪ್ಪಿದರೆ ಎಲ್ಲ ತಪ್ಪಿತು ನಿಜ. ಆದರೆ ಚೆಲ್ಲಿದ್ದು ಇಡೀ ದಾರಿಯ ಲೆಕ್ಕ. ಒಂದು ಆಲಿಕೆ ಕೂತ ಜಾಗದ ಲೆಕ್ಕವಲ್ಲ.

ಗುಳ್ಳೆಯ ಗಾತ್ರದ ಈ ಪ್ರಶ್ನೆಯನ್ನು ಅವರು ಅಲ್ಲಿಗೇ ಬಿಡಲಿಲ್ಲ. 2015ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ ಶಬ್ದದ ಅಲೆ ಕಳಿಸಿ ಗುಳ್ಳೆ ಗುರುತಿಸುವ ಎಕೋಸೌಂಡರನ್ನು ಗುಳ್ಳೆಯ ಗಾತ್ರವೂ ತಿಳಿಯುವ ಹಾಗೆ ಹೊಂದಿಸಿ ಬಳಸಿದರು. ಮೀಥೇನ್ ಸಾಗಿಸುವುದರಲ್ಲಿ ದೊಡ್ಡ ಗುಳ್ಳೆಗಳದ್ದೇ ದೊಡ್ಡ ಪಾಲು ಎಂದು ಕಂಡಿತು. ದೊಡ್ಡ ಗುಳ್ಳೆ ತನ್ನ ಮೈಗೆ ಹೋಲಿಸಿದರೆ ಕಡಿಮೆ ಕರಗುತ್ತದೆ, ಬೇಗ ಮೇಲೆ ಬರುತ್ತದೆ.

ಹೂಳು

ಇಷ್ಟಾದ ಮೇಲೂ ಮೂಲ ಪ್ರಶ್ನೆ ಉಳಿಯುತ್ತದೆ. ಹಳೆಯ ಜಲಾಶಯ, ಮುಳುಗಿದ ಕಾಡು ಇಲ್ಲ, ತಂಪು ನೀರು. ಅಷ್ಟು ಮೀಥೇನಿಗೆ ಕಚ್ಚಾಮಾಲು ಎಲ್ಲಿಂದ?

ಉತ್ತರ 2012ರ ಪ್ರಬಂಧದಲ್ಲಿ ಬಂತು. ಸೆಬಾಸ್ಟಿಯನ್ ಸೋಬೆಕ್ ಮೊದಲ ಲೇಖಕ, ಡೆಲ್‌ಸೋಂಟ್ರೊ ಮತ್ತು ವೇರ್ಲಿ ಜೊತೆಗೆ. ವೋಲೆನ್ ತಳದಲ್ಲಿ ಹೂಳು ವಿಪರೀತ ವೇಗದಲ್ಲಿ ಕೂರುತ್ತಿದೆ. ಆ ಹೂಳಿನ ಜೊತೆ ಎಲೆ, ಹುಲ್ಲು, ಮಣ್ಣಿನ ಸಾವಯವ ಪದಾರ್ಥವೂ ಕೂರುತ್ತಿದೆ. ವೇಗ ಯಾಕೆ ಮುಖ್ಯ? ಹೂಳು ನಿಧಾನಕ್ಕೆ ಕೂತರೆ ಪ್ರತಿಯೊಂದು ಎಲೆಯ ಚೂರೂ ಆಮ್ಲಜನಕ ಇರುವ ಮೇಲ್ಪದರದಲ್ಲಿ ಬಹಳ ದಿನ ಬಿದ್ದಿರುತ್ತದೆ. ಅಲ್ಲೇ ಕೊಳೆತು ಇಂಗಾಲದ ಡೈಆಕ್ಸೈಡ್ ಆಗಿ ಹೋಗುತ್ತದೆ. ಕೆಳಗೆ ಇಳಿಯುವುದು ಯಾರೂ ಮುಟ್ಟದ ಗಟ್ಟಿ ಉಳಿಕೆ ಮಾತ್ರ. ಹೂಳು ಬೇಗ ಬೇಗ ಮೇಲೆ ಬಿದ್ದರೆ ಹಸಿ ಎಲೆಯೇ ಹೂತು ಹೋಗುತ್ತದೆ. ಕೆಳಗೆ ಕಾದು ಕೂತ ಮೀಥೇನ್ ಜೀವಿಗಳಿಗೆ ಹಬ್ಬದೂಟ.

ನದಿಯ ಭೂಗೋಳ ನೋಡಿದರೆ ಈ ಹೂಳಿನ ದಾರಿಯೂ ಕಾಣುತ್ತದೆ. ಆಲ್ಪ್ಸ್‌ನ ಹಿಮನದಿಗಳಿಂದ ಬರುವ ಪುಡಿಯನ್ನು ಮೇಲಿನ ಬ್ರಿಯೆಂಜ್ ಮತ್ತು ಥೂನ್ ಸರೋವರಗಳು ಹಿಡಿದುಕೊಳ್ಳುತ್ತವೆ. ಥೂನ್ ಕೆಳಗೆ ಆರೆಗೆ ಸೇರುವ ಜುಲ್ಗ್, ಗ್ಯೂರ್ಬೆ ಮುಂತಾದ ಹೊಳೆಗಳು ಕಾಡು, ಹುಲ್ಲುಗಾವಲು, ಹೊಲಗಳಿಂದ ಹೊಸ ಮಣ್ಣು ತರುತ್ತವೆ. ಆಮೇಲೆ ಬರ್ನ್ ನಗರ. ಅದಾದ ಮೇಲೆ ನೀರು ಮೊದಲ ಬಾರಿಗೆ ನಿಧಾನವಾಗುವುದು ವೋಲೆನ್‌ನಲ್ಲೇ. ಹೊತ್ತು ತಂದ ಮೂಟೆಯನ್ನು ನದಿ ಅಲ್ಲಿ ಇಳಿಸುತ್ತದೆ. ನೀರಿಗೆ ಎರಡೇ ದಿನ, ಆದರೆ ಹೂಳು ಶಾಶ್ವತ ನಿವಾಸಿ. ಇಡೀ ಪ್ರಕರಣದ ಗುಟ್ಟು ಇದೇ ಎನ್ನಿಸುತ್ತದೆ ನನಗೆ. ಎಲ್ಲರೂ ನೀರಿನ ವಯಸ್ಸು, ಕಟ್ಟೆಯ ವಯಸ್ಸು ನೋಡುತ್ತಿದ್ದರು. ನೋಡಬೇಕಾದದ್ದು ಹೂಳಿನ ವಯಸ್ಸು. ಕಟ್ಟೆಗೆ 90 ವರ್ಷ ಆಗಿರಬಹುದು, ಅದರ ತಳಕ್ಕೆ ಬೀಳುವ ಆಹಾರ ಈ ವರ್ಷದ್ದು.

ಇಲ್ಲಿ ಒಂದು ತಮಾಷೆಯೂ ಇದೆ. ಇದೇ ಹಿನ್ನೀರು ಇಂಗಾಲವನ್ನು ದೊಡ್ಡ ಪ್ರಮಾಣದಲ್ಲಿ ಹೂತಿಡುತ್ತಿದೆ. ಇಂಗಾಲದ ತೂಕ ಮಾತ್ರ ಎಣಿಸುವವರು ಇದನ್ನು ಒಳ್ಳೆಯ ಸುದ್ದಿ ಎನ್ನುತ್ತಾರೆ. ಆದರೆ ಗಿಡ ಗಾಳಿಯಿಂದ ಹೀರಿದ್ದು ಇಂಗಾಲದ ಡೈಆಕ್ಸೈಡ್. ಹಿನ್ನೀರು ಅದರಲ್ಲಿ ಒಂದು ಪಾಲನ್ನು ಮೀಥೇನ್ ಮಾಡಿ ವಾಪಸು ಕೊಡುತ್ತಿದೆ. ಕಡಿಮೆ ತೂಕ, ಜಾಸ್ತಿ ಕಾವು. ಒಂದೇ ತಳ ಉಳಿತಾಯದ ಖಾತೆಯೂ ಹೌದು, ಸಾಲದ ಖಾತೆಯೂ ಹೌದು.

ಹೂಳಿನ ವಾದಕ್ಕೆ ಬೇರೆ ಕಡೆಯಿಂದಲೂ ಬಲ ಬಂತು. ಆಫ್ರಿಕಾದ ಜಾಂಬೆಜಿ ನದಿಯ ಕರೀಬಾ ಜಲಾಶಯ 5,000 ಚದರ ಕಿಲೋಮೀಟರಿಗೂ ದೊಡ್ಡದು. ಡೆಲ್‌ಸೋಂಟ್ರೊ ತಂಡ ಅದರ ಕೊಲ್ಲಿಗಳಲ್ಲಿ ಗುಳ್ಳೆ ಅಳೆಯಿತು. ನದಿ ಬಂದು ಸೇರುವ ಕೊಲ್ಲಿಗಳಲ್ಲಿ ದಿನಕ್ಕೆ ಚದರ ಮೀಟರಿಗೆ ಸಾವಿರ ಮಿಲಿಗ್ರಾಂ ಮಟ್ಟದ ಮೀಥೇನ್. ನದಿ ಸೇರದ ಕೊಲ್ಲಿಗಳಲ್ಲಿ ನೂರಕ್ಕಿಂತ ಕಡಿಮೆ. ಅದೇ ಬಿಸಿಲು, ಅದೇ ಜಲಾಶಯ. ವ್ಯತ್ಯಾಸ ನದಿ ತಂದದ್ದರಲ್ಲಿ.

ಇನ್ನೊಂದು ಜರ್ಮನಿಯ ಸಾರ್ ನದಿ. ಅಲ್ಲಿ ಸಣ್ಣ ಸಣ್ಣ ಒಡ್ಡುಗಳು ಸಾಲಾಗಿ ಇವೆ. 2013ರಲ್ಲಿ ಬೇರೆ ತಂಡವೊಂದು ಹರಿಯುವ ಭಾಗ ಮತ್ತು ಒಡ್ಡಿನ ಹಿಂದಿನ ಭಾಗ ಎರಡನ್ನೂ ಹೋಲಿಸಿತು. ಹರಿಯುವ ಕಡೆ ದಿನಕ್ಕೆ ಚದರ ಮೀಟರಿಗೆ ಸುಮಾರು 4 ಮಿಲಿಗ್ರಾಂ ಮೀಥೇನ್. ಒಡ್ಡಿನ ಹಿಂದೆ 315ರ ಹತ್ತಿರ. ವೋಲೆನ್ ದಾಖಲೆ ಮೂರೇ ವರ್ಷಕ್ಕೆ ಮುರಿಯಿತು. ಹೂಳು ಕೂರುವ ವೇಗ ಗೊತ್ತಿದ್ದರೆ ಮೀಥೇನ್ ಎಷ್ಟು ಬರಬಹುದು ಎಂದು ಅಂದಾಜು ಮಾಡಬಹುದು ಎಂದೂ ಅವರು ಹೇಳಿದರು.

ಹಾಗಾದರೆ ಅಣೆಕಟ್ಟು ಕೆಟ್ಟದ್ದೇ?

ಇಂಥ ಸುದ್ದಿ ಬಂದ ಕೂಡಲೇ ಎರಡು ಗುಂಪು ಎದ್ದು ನಿಲ್ಲುತ್ತವೆ. ಒಂದು ಗುಂಪಿಗೆ ಜಲವಿದ್ಯುತ್ ಕಲ್ಲಿದ್ದಲಿಗಿಂತ ಕೊಳಕು ಎಂದು ಸಾರಲು ಅವಕಾಶ. ಇನ್ನೊಂದಕ್ಕೆ ಇದೆಲ್ಲ ಸುಳ್ಳು ಎಂದು ತಳ್ಳಿಹಾಕುವ ಆತುರ. ವೋಲೆನ್ ಎರಡಕ್ಕೂ ಒಗ್ಗುವುದಿಲ್ಲ. ಮ್ಯೂಲೆಬರ್ಗ್ ಕೊಡುವಷ್ಟೇ ವಿದ್ಯುತ್ತನ್ನು ಕಲ್ಲಿದ್ದಲು ಸುಟ್ಟು ತೆಗೆದರೆ ಹೊಗೆಯ ಲೆಕ್ಕ ಹತ್ತಾರು ಪಟ್ಟು ಜಾಸ್ತಿ ಆಗುತ್ತದೆ. ಕಾರಣ ಸರಳ. ಹಿನ್ನೀರು ಚಿಕ್ಕದು, ಹರಿಯುವ ನೀರು ದೊಡ್ಡದು. ಚದರ ಮೀಟರಿಗೆ ಮೀಥೇನ್ ಜಾಸ್ತಿ ಇದ್ದರೂ ಯೂನಿಟ್ಟಿಗೆ ಕಡಿಮೆ. ದೊಡ್ಡ ಬಯಲು ಮುಳುಗಿಸಿ ಸ್ವಲ್ಪವೇ ವಿದ್ಯುತ್ ತೆಗೆಯುವ ಬಾಲ್ಬಿನಾದಂಥ ಕಡೆ ಉತ್ತರ ಬೇರೆ. ಒಂದೊಂದು ಕಟ್ಟೆಗೂ ಬೇರೆ ಬೇರೆ ಲೆಕ್ಕ, ಇದನ್ನು ತಪ್ಪಿಸಿಕೊಳ್ಳಲು ಅಡ್ಡದಾರಿ ಇಲ್ಲ.

ಇನ್ನೊಂದು ನ್ಯಾಯವಾದ ಆಕ್ಷೇಪ ಇದೆ. ಕಟ್ಟೆ ಇಲ್ಲದಿದ್ದರೂ ಆ ಎಲೆ ಕಸ ಎಲ್ಲೋ ಕೊಳೆಯುತ್ತಿತ್ತು ಅಲ್ವಾ? ಕೊಳೆಯುತ್ತಿತ್ತು. ಎಲ್ಲಿ ಎಂಬುದೂ ಗೊತ್ತು. 1878ರಿಂದ ಆರೆ ನದಿಯನ್ನು ಹಾಗ್ನೆಕ್ ಕಾಲುವೆಯ ಮೂಲಕ ಬೀಲ್ ಸರೋವರಕ್ಕೆ ತಿರುಗಿಸಿದ್ದಾರೆ. ಮ್ಯೂಲೆಬರ್ಗ್ ಕಟ್ಟೆ ಇಲ್ಲದಿದ್ದರೆ ಹೂಳಿನ ಬಹುಪಾಲು ಬೀಲ್ ಸೇರಿ, ಒಂದಷ್ಟು ನದಿ ಸೇರುವ ಬಾಯಿಯ ದಡದಲ್ಲೂ, ಉಳಿದದ್ದು ಆಳದಲ್ಲೂ ಕೂರುತ್ತಿತ್ತು. ಬೀಲ್ ಸರೋವರದ ಅತಿ ಆಳ 74 ಮೀಟರ್. ಅಲ್ಲಿಂದ ಗುಳ್ಳೆ ಏಳುವುದೇ ಕಷ್ಟ, ಎದ್ದರೂ ದಾರಿಯಲ್ಲೇ ಕರಗುತ್ತದೆ, ಕರಗಿದ್ದನ್ನು ಬ್ಯಾಕ್ಟೀರಿಯಾ ತಿನ್ನುತ್ತವೆ. ಇದು ಅವರ ಪ್ರಬಂಧದ ಮಾತಲ್ಲ, ನಾನು ನಕ್ಷೆ ನೋಡಿ ಕೂಡಿಸಿದ್ದು. ಕಟ್ಟೆ ಹೊಸ ಇಂಗಾಲ ಹುಟ್ಟಿಸಲಿಲ್ಲ. ಆಳದಲ್ಲಿ ಕೂರಬೇಕಾದ್ದನ್ನು ತೆಳು ನೀರಿನಲ್ಲಿ ಕೂರಿಸಿತು.

ಬೇಸಿಗೆ ಬಿಸಿಯಾದಷ್ಟೂ ಗುಳ್ಳೆ ಹೆಚ್ಚು. ನದಿಗಳು ಬೆಚ್ಚಗಾಗುತ್ತಿರುವ ಕಾಲದಲ್ಲಿ ವೋಲೆನ್‌ನಿಂದ ಬರುವ ಮೀಥೇನ್ ಕಡಿಮೆಯಾಗಲು ಕಾರಣ ಕಾಣುವುದಿಲ್ಲ. ಡೆಲ್‌ಸೋಂಟ್ರೊ 2018ರಲ್ಲಿ ಜೇಕ್ ಬೋಲಿಯು, ಜಾನ್ ಡೌನಿಂಗ್ ಜೊತೆ ಜಗತ್ತಿನ ಕೆರೆ, ಸರೋವರ, ಜಲಾಶಯಗಳ ಲೆಕ್ಕ ಹಾಕಿದಾಗ ಇನ್ನೊಂದು ಅಂಶ ಮುಂದೆ ಬಂತು. ನೀರಿನ ಹಸಿರು, ಅಂದರೆ ಪಾಚಿ. ಗೊಬ್ಬರ, ಚರಂಡಿ ನೀರು ಸೇರಿ ಪಾಚಿ ಬೆಳೆದ ನೀರು ಜಾಸ್ತಿ ಮೀಥೇನ್ ಬಿಡುತ್ತದೆ. ಸತ್ತ ಪಾಚಿ ಸುಲಭವಾಗಿ ಕೊಳೆಯುವ ಆಹಾರ, ಅದಕ್ಕೆ.

ನಮ್ಮ ಕಡೆ

ಭಾರತದ ನೀರಿನ ಲೆಕ್ಕ ಪೂರ್ತಿ ಖಾಲಿ ಏನಲ್ಲ. 2014ರಲ್ಲಿ ಬಾಲತಂಡಾಯುಧಬಾಣಿ ಪನ್ನೀರ್ ಸೆಲ್ವಂ ಮತ್ತು ಜೊತೆಗಾರರು, ಸ್ವೀಡನ್ನಿನ ಡೇವಿಡ್ ಬಾಸ್ಟ್ವಿಕನ್ ಅವರೂ ಸೇರಿ, ದೇಶದ 45 ಕಡೆ ಅಳೆದು ಪ್ರಕಟಿಸಿದರು. ಕೆರೆ, ಕುಂಟೆ, ನದಿ, ಜಲಾಶಯ, ಕಾಲುವೆ, ಬುಗ್ಗೆ, ತೆರೆದ ಬಾವಿ ಎಲ್ಲವೂ ಇದ್ದವು. ಬಾವಿಯನ್ನು ಈ ಪಟ್ಟಿಗೆ ಸೇರಿಸಬೇಕು ಎಂದು ಹೊಳೆಯುವುದು ನಮ್ಮ ಕಡೆಯವರಿಗೇ! ಸರಾಸರಿ ಮೀಥೇನ್ ದಿನಕ್ಕೆ ಚದರ ಮೀಟರಿಗೆ 125 ಮಿಲಿಗ್ರಾಂನಷ್ಟು. ಅತಿ ಹೆಚ್ಚು ಸಿಕ್ಕ ಕಡೆ 830 ದಾಟಿತ್ತು, ಅತಿ ಕಡಿಮೆ ಕಡೆ ಹೆಚ್ಚೂಕಡಿಮೆ ಸೊನ್ನೆ. ಇಡೀ ದೇಶಕ್ಕೆ ಹಿಗ್ಗಿಸಿದಾಗ ವರ್ಷಕ್ಕೆ 21 ಲಕ್ಷ ಟನ್ ಮೀಥೇನ್ ಮತ್ತು 2.2 ಕೋಟಿ ಟನ್ ಇಂಗಾಲದ ಡೈಆಕ್ಸೈಡ್. ಮೀಥೇನಿನ ಕಾವನ್ನೂ ಇಂಗಾಲದ ಡೈಆಕ್ಸೈಡಿನ ಲೆಕ್ಕಕ್ಕೆ ತಂದು ಕೂಡಿಸಿದರೆ, ದೇಶದ ನೆಲ ಹೀರಿಕೊಳ್ಳುತ್ತದೆ ಎಂದು ಅಂದಾಜು ಮಾಡಿದ್ದರ 42 ಶೇಕಡಾಕ್ಕೆ ಇದು ಸಮ ಎಂದು ಅವರು ಲೆಕ್ಕ ಕೊಟ್ಟರು.

ಹೂಳಿನ ಮಾತಿಗೆ ಕರ್ನಾಟಕದಲ್ಲಿ ತುಂಗಭದ್ರಾ ಬಿಟ್ಟರೆ ಬೇರೆ ಉದಾಹರಣೆ ಬೇಕಿಲ್ಲ. ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಈಗ ಹಿಡಿಯುವುದು ಸುಮಾರು 105. ಉಳಿದ ಜಾಗದಲ್ಲಿ ಹೂಳು ಕೂತಿದೆ. ಈ ಹೂಳಿನ ಬಗ್ಗೆ ದಶಕಗಳಿಂದ ಜಗಳ ನಡೆದಿದೆ. ಎಷ್ಟು ನೀರು ಕಳೆದುಹೋಯಿತು, ಯಾವ ರಾಜ್ಯದ ಪಾಲು ಎಷ್ಟು, ಹೂಳು ಎತ್ತುವುದೋ ನವಲಿಯಲ್ಲಿ ಇನ್ನೊಂದು ಜಲಾಶಯ ಕಟ್ಟುವುದೋ, ಇವೇ ಪ್ರಶ್ನೆಗಳು. ರೈತರಿಗೆ ಅದೇ ಮುಖ್ಯ, ಸರಿಯೇ. ವೋಲೆನ್ ನೋಡಿದ ಮೇಲೆ ಆ ಪಟ್ಟಿಗೆ ಇನ್ನೆರಡು ಪ್ರಶ್ನೆ ಸೇರಬೇಕು ಎನ್ನಿಸುತ್ತದೆ. ನದಿ ಬಂದು ಸೇರುವ ಬಾಲದ ಕಡೆ ಹೂಳಿನ ಮೇಲೆ ಎಷ್ಟು ಮೀಟರ್ ನೀರಿರುತ್ತದೆ? ಬೇಸಿಗೆಯಲ್ಲಿ ಮಟ್ಟ ಇಳಿದಾಗ, ಮೇಲಿನ ಭಾರ ಹಗುರಾದಾಗ, ಅಲ್ಲಿಂದ ಏನೇಳುತ್ತದೆ? ಆಲಿಕೆ, ಬಾಟಲಿ, ಒಂದು ದೋಣಿ, ಅನಿಲ ಅಳೆಯುವ ಪ್ರಯೋಗಾಲಯ ಇದ್ದರೆ ಶುರು ಮಾಡಬಹುದಾದ ಕೆಲಸ ಇದು.

ಪಟ್ಟಿಯ ಅಂಕಿ, ನೀರಿನ ಅಂಕಿ

2019ರಲ್ಲಿ ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿ ತನ್ನ ಲೆಕ್ಕದ ನಿಯಮಗಳನ್ನು ಪರಿಷ್ಕರಿಸಿತು. ಜಲಾಶಯಗಳ ಮೀಥೇನನ್ನು ದೇಶಗಳು ಹೇಗೆ ಲೆಕ್ಕ ಹಾಕಬೇಕು ಎಂಬ ವಿಧಾನ ಅದರಲ್ಲಿ ಇದೆ. ಸ್ವಂತ ಅಳತೆ ಇಲ್ಲದ ದೇಶ ಹವಾಗುಣದ ವಲಯ ನೋಡಿ ಪಟ್ಟಿಯಿಂದ ಒಂದು ಅಂಕಿ ತೆಗೆದುಕೊಳ್ಳಬಹುದು. ಇಪ್ಪತ್ತು ವರ್ಷ ದಾಟಿದ, ತಂಪು ಸಮಶೀತೋಷ್ಣ ವಲಯದ ಜಲಾಶಯಕ್ಕೆ ಪಟ್ಟಿಯಲ್ಲಿ ಇರುವುದು ವರ್ಷಕ್ಕೆ ಹೆಕ್ಟೇರಿಗೆ 54 ಕೆಜಿ ಮೀಥೇನ್. ವೋಲೆನ್ 250 ಹೆಕ್ಟೇರ್. ಪಟ್ಟಿಯ ಪ್ರಕಾರ ಅದರ ಮೇಲ್ಮೈಯಿಂದ ವರ್ಷಕ್ಕೆ ಬರಬೇಕಾದ್ದು 13.5 ಟನ್. ನೀರು ಹೇಳಿದ್ದು ಅದರ ಹತ್ತು ಪಟ್ಟು.

ಪಟ್ಟಿ ಸರಾಸರಿಗೆ ಮಾಡಿದ್ದು, ಒಂದು ಜಲಾಶಯಕ್ಕೆ ಹೊಂದಬೇಕು ಎಂದೇನೂ ಇಲ್ಲ. ಮುಂದಿನ ಹಂತದಲ್ಲಿ ಪಾಚಿಯ ಮಟ್ಟ ನೋಡಿ ಅಂಕಿ ತಿದ್ದಲು ದಾರಿ ಕೊಟ್ಟಿದ್ದಾರೆ. ದೇಶಗಳು ತಮ್ಮದೇ ಅಳತೆ ಬಳಸಲೂ ಅವಕಾಶ ಇದೆ. ಆದರೆ ಮೊದಲ ಹಂತದ ಪಟ್ಟಿ ಕೇಳುವುದು ಎರಡೇ ವಿಷಯ, ವಲಯ ಯಾವುದು, ಕಟ್ಟೆಗೆ ವಯಸ್ಸೆಷ್ಟು. ಹೂಳು ಎಷ್ಟು ಬೇಗ ಕೂರುತ್ತಿದೆ ಎಂದು ಅದರಲ್ಲಿ ಬರೆಯಲು ಕಾಲಂ ಇಲ್ಲ.